ಹೊಲದ ಹೆಸರು

ಮೊನ್ನೆ ಭಾನುವಾರ ಬೆಳಗ್ಗೆ ಉತ್ತರಪತ್ರಿಕೆಗಳ ಕಟ್ಟೊಂದನ್ನು ಮುಂದಿಟ್ಟುಕೊಂಡು, ಅದನ್ನು ಬಿಚ್ಚದೆ ಇರುವುದಕ್ಕೆ ಮರ್ಯಾದಸ್ಥವಾದ ಕಾರಣವೊಂದನ್ನು ಹುಡುಕುತ್ತ ಕುಳಿತಿದ್ದೆ. ಅಷ್ಟರಲ್ಲಿ ಬೆಂಗಳೂರಿನಿಂದ ಅಕ್ಕನ ಮಗ ಫೋನು ಮಾಡಿದ. ಕಾರಣ ತಾನಾಗಿಯೇ ಒದಗಿಬಂತು.

"ಮಾವ, ಒಂದು ಬಿನ್ನವತ್ತಳೆ ಬರೆದುಕೊಡಬೇಕು" ಎಂದ.

ಇಂಜಿನಿಯರಿಂಗ್ ಓದಿದ ಹುಡುಗನ ಬಾಯಲ್ಲಿ ಬಿನ್ನವತ್ತಳೆ ಎಂಬ ಮಾತು ಬಂದದ್ದು ಕೇಳಿ ನನ್ನ ಮನಸ್ಸು ಹಿಗ್ಗಿತು. ಆ ಹಿಗ್ಗು ಮೂರು ನಿಮಿಷವೂ ಬಾಳಲಿಲ್ಲ. ಬಿನ್ನವತ್ತಳೆ ಕವಿಗಲ್ಲ, ನಿವೃತ್ತರಾಗುವ ಹೆಡ್‌ಮಾಸ್ತರರಿಗಲ್ಲ. 'ಕಾರ್ಪೊರೇಟ್ ರಿಯಲ್ ಎಸ್ಟೇಟ್ ಮತ್ತು ಆರ್ಥಿಕ ಅಭಿವೃದ್ಧಿ'ಯಲ್ಲಿ ಹೊಸತನ ತೋರಿದ ಒಂದು ಕಂಪೆನಿಗೆ! ಅಮೆರಿಕದ ಅಟ್ಲಾಂಟಾದಲ್ಲಿರುವ ಕೋರ್‌ನೆಟ್ ಗ್ಲೋಬಲ್ ಎಂಬ ಸಂಘ ಹೆಚ್. ಬ್ರೂಸ್ ರಸೆಲ್ ಎಂಬವರ ಹೆಸರಿನಲ್ಲಿ ಇಂಥ ಒಂದು ಪ್ರಶಸ್ತಿಯನ್ನು ಬಹಳ ಕಾಲದಿಂದ ಕೊಡುತ್ತಿದೆಯಂತೆ. ಇದು ಅದಲ್ಲ, ನಮ್ಮಲ್ಲಿಯವರೇ ಮಾಡಿಕೊಂಡದ್ದು. ಸಮಾರಂಭ ನವೆಂಬರ್ ತಿಂಗಳಲ್ಲಿ ಬಿದ್ದುದರಿಂದ ಕನ್ನಡದ ಒಂದು ಹಾಳೆಯೂ ಇರಲಿ ಎಂದು ಯಾರಿಗೋ ತೋರಿದೆ. ನವೆಂಬರಿನಲ್ಲಿ ನಮ್ಮಂಥ ಕನ್ನಡ ಮೇಷ್ಟರುಗಳಿಗೆ ಇರುವ ಬೇಡಿಕೆ ಓದುಗರಿಗೆ ತಿಳಿಯದ್ದೇನಲ್ಲ.

ನಮ್ಮ ಹುಡುಗನ ಉದ್ಯೋಗವೇ ಒಂದು ಬಗೆಯದು. ಅವನು ಕಂಪ್ಯೂಟರು ಮಾಡುವುದಿಲ್ಲ, ತಂತ್ರಾಂಶ ಬರೆಯುವುದಿಲ್ಲ; ಅದನ್ನು ಬರೆಯುವವರು ಕೂರುವುದಕ್ಕೆ ಜಾಗ ಹುಡುಕುತ್ತಾನೆ. ಎಷ್ಟು ಚದರಡಿ, ಎಷ್ಟು ವರ್ಷದ ಕರಾರು, ಬಸ್ಸು ಬರುತ್ತದೆಯೆ, ನೀರು ಸಾಲುತ್ತದೆಯೆ. ಇದಕ್ಕೆಂದೇ ಅವನ ಕಂಪೆನಿಯಲ್ಲಿ ಒಂದು ವಿಭಾಗವಿದೆ.

"ಅಷ್ಟು ದೊಡ್ಡ ಕಂಪೆನಿ, ಸ್ವಂತಕ್ಕೆ ಕಟ್ಟಿಸಿಕೊಳ್ಳಬಾರದೇನೋ?" ಎಂದೆ.

"ಈಗ ಯಾರೂ ಅಷ್ಟು ದುಡ್ಡನ್ನ ಇಟ್ಟಿಗೇಲಿ ಹೂತಿಡೋದಿಲ್ಲ ಮಾವ. ಬಾಡಿಗೆಗೆ ಹಿಡೀತಾರೆ. ಸಾವಿರ ಜನ ಇದ್ರೆ ಆರುನೂರು ಕುರ್ಚಿ ಸಾಕು. ಕೊರೊನಾ ಬಂದ ಮೇಲೆ ಎಲ್ಲರೂ ದಿನಾ ಆಫೀಸಿಗೆ ಬರೋದಿಲ್ಲವಲ್ಲ. ಬಂದವರು ಖಾಲಿ ಇರೋ ಕುರ್ಚೀಲಿ ಕೂರ್ತಾರೆ. ಅದೇ ಈಗಿನ ಹೊಸತನ."

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಮೂವರಿಗೆ ಒಂದು ಕುರ್ಚಿ ಎಂಬ ಪದ್ಧತಿ ನಾನು ಕೆಲಸಕ್ಕೆ ಸೇರಿದಂದಿನಿಂದ ಜಾರಿಯಲ್ಲಿದೆ. ನಮಗೆ ಯಾರೂ ಫಲಕ ಕೊಡಲಿಲ್ಲ.

ಬಿನ್ನವತ್ತಳೆ ಬರೆಯಲು ಕುಳಿತವನಿಗೆ ಮೊದಲ ಪದದಲ್ಲೇ ತೊಡಕಾಯಿತು. ರಿಯಲ್ ಎಸ್ಟೇಟ್ ಎಂಬುದಕ್ಕೆ ಏನೆನ್ನಬೇಕು? ಸ್ಥಿರಾಸ್ತಿ ಎಂದರೆ ಕೋರ್ಟು ಕಚೇರಿಯ ವಾಸನೆ ಹೊಡೆಯುತ್ತದೆ. ಭೂಮಿಕಾಣಿ ಎಂದರೆ ಹುಡುಗರಿಗೆ ತಿಳಿಯುವುದಿಲ್ಲ. ಅದೂ ಅಲ್ಲದೆ, ಈಗ ಆ ಆಸ್ತಿ ಸ್ಥಿರವಾಗಿಯಾದರೂ ಎಲ್ಲಿದೆ? 2014ರಲ್ಲಿ ಸೆಬಿಯವರು ನಿಯಮ ಮಾಡಿದರು. 2019ರ ಏಪ್ರಿಲ್ 1ರಂದು ಬೆಂಗಳೂರಿನ ಎಂಬೆಸಿಯವರ ಆಫೀಸು ಕಟ್ಟಡಗಳು ಷೇರುಪೇಟೆಗೆ ಬಂದವು. ದೇಶದಲ್ಲಿ ಆ ಬಗೆಯದರಲ್ಲಿ ಅದೇ ಮೊದಲು. ರೀಟ್ ಎಂದು ಕರೆಯುತ್ತಾರೆ. ಕಟ್ಟಡವನ್ನು ಒಡೆಯದೆಯೇ ಚೂರು ಮಾಡಿ ಒಂದೊಂದು ಚೂರಿಗೆ 300 ರೂಪಾಯಿಯಂತೆ ಮಾರಿದರು. ಬರುವ ಬಾಡಿಗೆಯಲ್ಲಿ ಖರ್ಚು ಕಳೆದು ಹಂಚಬಹುದಾದ ಹಣದ ನೂರರಲ್ಲಿ ತೊಂಬತ್ತು ಪಾಲನ್ನು ಚೂರು ಕೊಂಡವರಿಗೆ ಹಂಚಲೇಬೇಕು. ಮೊದಲು ಎರಡು ಲಕ್ಷಕ್ಕಿಂತ ಕಡಿಮೆ ತಂದವನಿಗೆ ಬಾಗಿಲು ತೆರೆಯುತ್ತಿರಲಿಲ್ಲ; 2021ರಿಂದ ಒಂದೇ ಚೂರನ್ನೂ ಕೊಳ್ಳಬಹುದು. ಮೇಷ್ಟರೂ ಮಾನ್ಯತಾ ಟೆಕ್ ಪಾರ್ಕಿನ ಒಂದು ಇಟ್ಟಿಗೆಯ ಒಡೆಯನಾಗಬಹುದು.

ಇದನ್ನೆಲ್ಲ ಅದೇ ವಾರ ಊರಿಗೆ ಹೋದಾಗ ಚಿಕ್ಕಪ್ಪನಿಗೆ ವಿವರಿಸಿದೆ. ಅವರು ಎಲೆಯ ನಾರು ತೆಗೆಯುತ್ತ ಕೇಳಿದರು.

"ಅಂದ್ರೆ ಹೊಲ ಕಣ್ಣಲ್ಲಿ ಕಾಣ್ದಿದ್ರೂ ಗೇಣಿ ಮನೇಗೆ ಬರುತ್ತೆ ಅನ್ನು. ಹಿಂದಿನ ಒಡೇರ ಥರಾನೇ" ಎಂದರು.

ಊರೆಂದರೆ ಗೋವಿನಕೋವಿ. ಹೆಸರು ಕೇಳಿದವರು 'ಗೋವಿಗೆ ಕೋವಿ ಯಾಕೆ ಸಾರ್?' ಎಂದು ನಗುವುದುಂಟು. ಧಾರವಾಡದ ಕಡೆಯ ಗೆಳೆಯರೊಬ್ಬರು ಮೆಕ್ಕೆಜೋಳಕ್ಕೆ ಗೋವಿನಜೋಳ ಎನ್ನುತ್ತಾರೆ. ಜೋಳವೂ ಗೋವಿನದು, ಕೋವಿಯೂ ಗೋವಿನದು, ನಿಮ್ಮದೇನು ಉಳಿಯಿತು ಎಂದು ಕೆಣಕುತ್ತಾರೆ. ನಾನು ಹುಟ್ಟಿದಾಗ ಈ ಊರು ಶಿವಮೊಗ್ಗ ಜಿಲ್ಲೆ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ನ್ಯಾಮತಿ ತಾಲ್ಲೂಕಾದಾಗ ಅಲ್ಲಿಗೆ ಸೇರಿತು. ಕೂತಲ್ಲಿಂದ ಕದಲದೆ ಇಷ್ಟು ಪ್ರವಾಸ ಮಾಡಿದ ಊರಿನ ಭೂಮಿಯನ್ನು ಸ್ಥಿರಾಸ್ತಿ ಎನ್ನುವುದು ಹೇಗೆ?

ನಾನು ಊರಿಗೆ ಹೋದದ್ದು ಬಿನ್ನವತ್ತಳೆಗಾಗಿ ಅಲ್ಲ. ಅದಕ್ಕಿಂತ ಇಕ್ಕಟ್ಟಿನ ಕೆಲಸಕ್ಕೆ. ರಸ್ತೆ ಬದಿಯ ನಮ್ಮ ಒಂದು ಎಕರೆ ಇಪ್ಪತ್ತು ಗುಂಟೆಯನ್ನು ಬೆಂಗಳೂರಿನ ಒಂದು ಕಂಪೆನಿಯವರು ಕೇಳಿದ್ದರು. ಮೆಕ್ಕೆಜೋಳ ತುಂಬುವುದಕ್ಕೆ ಗೋದಾಮು ಕಟ್ಟುತ್ತಾರಂತೆ. ಚಿಕ್ಕಪ್ಪನಿಗೆ ಸಾಲವಿದೆ. ಎರಡು ಸಲ ಕೊರೆಸಿದ ಬೋರು ಎರಡು ಸಲವೂ ಧೂಳೆಬ್ಬಿಸಿತು. ಮಗಳ ಓದು ಇನ್ನೂ ಎರಡು ವರ್ಷ ಇದೆ. ಪಹಣಿಯಲ್ಲಿ ನನ್ನ ಹೆಸರೂ ಇರುವುದರಿಂದ ನನ್ನ ಸಹಿಯಿಲ್ಲದೆ ಆಗುವುದಿಲ್ಲ. ಮೂರು ತಿಂಗಳಿಂದ ನಾನು ಆ ಮಾತನ್ನು ಪರೀಕ್ಷೆ, ಮೌಲ್ಯಮಾಪನ ಎಂದು ಮುಂದೂಡುತ್ತಲೇ ಬಂದಿದ್ದೆ.

ಆ ಹೊಲ ನಮ್ಮದಾದ ಬಗೆಯನ್ನು ಹೇಳಬೇಕು. ನಮ್ಮಜ್ಜ ಅದನ್ನು ಗೇಣಿಗೆ ಮಾಡುತ್ತಿದ್ದರು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಗೆ ಬಂದಾಗ ಉಳುವವನೇ ಒಡೆಯನೆಂಬ ಮಾತು ಊರೂರಿಗೆ ಮುಟ್ಟಿತು. ಅಜ್ಜ ಫಾರಂ ನಂಬರು ಏಳನ್ನು ತುಂಬಿಸಲು ಹೆದರಿ ಹಿಂದೆ ಮುಂದೆ ನೋಡುತ್ತಿದ್ದರಂತೆ. ಒಡೆಯರ ಮುಖ ಹೇಗೆ ನೋಡಲಿ ಎಂದು. ಅಜ್ಜಿಯೇ ಹಟ ಹಿಡಿದು, ಕೊರಳಲ್ಲಿದ್ದ ಎರಡು ಗುಂಡು ಮಾರಿ, ಓಡಾಟದ ಖರ್ಚಿಗೆ ಕೊಟ್ಟು ಕಳಿಸಿದಳು. ಅಂದಿನಿಂದ ಅದು 'ಅಜ್ಜಿ ಹೊಲ'. ಹೀಗೆ ಬಂದ ಭೂಮಿಯನ್ನು ಹದಿನೈದು ವರ್ಷ ಮಾರುವಂತಿಲ್ಲವೆಂದು ಕಾನೂನಿನಲ್ಲಿತ್ತು. ನಾವು ಐವತ್ತು ವರ್ಷ ಮಾರಲಿಲ್ಲ. 2020ರ ತಿದ್ದುಪಡಿಯಾದ ಮೇಲೆ ಬೇಸಾಯಗಾರನಲ್ಲದವನೂ ಹೊಲ ಕೊಳ್ಳಬಹುದು. ಕಾರುಗಳು ರಸ್ತೆ ಬದಿಯಲ್ಲಿ ನಿಧಾನವಾಗಿ ಹೋಗತೊಡಗಿದ್ದು ಆಮೇಲೆಯೇ.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು, ಜೊತೆಗೆ ತಂದಿದ್ದ ಶಾಸನ ಸಂಪುಟವನ್ನು ತಿರುವಿದೆ. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟ. ನಮ್ಮ ಹೊನ್ನಾಳಿ, ಚನ್ನಗಿರಿ ಸೀಮೆಯ ಕಲ್ಲುಗಳೆಲ್ಲ ಅದರಲ್ಲಿವೆ. ಶಾಸನದಲ್ಲಿ ರಾಜನ ಹೊಗಳಿಕೆ ಬರುವ ಭಾಗಕ್ಕೇ ಪ್ರಶಸ್ತಿ ಎಂದು ಹೆಸರು. ಎಂದರೆ ಅಕ್ಕನ ಮಗ ಬೇಡಿದ್ದು ಹೊಸದೇನಲ್ಲ. ಕೆರೆ ಕಟ್ಟಿದವನಿಗೆ, ಒಡೆದ ಏರಿಯನ್ನು ತಿದ್ದಿದವನಿಗೆ ಆ ಕೆರೆಯ ಕೆಳಗೇ ತೆರಿಗೆಯಿಲ್ಲದ ಇಲ್ಲವೆ ಕಡಿಮೆ ತೆರಿಗೆಯ ಗದ್ದೆ ಬಿಟ್ಟುಕೊಡುತ್ತಿದ್ದರು, ಅದು ಕಟ್ಟುಕೊಡಗೆ. ಕಾದಾಡಿ ಸತ್ತವನ ಮನೆಯವರಿಗೆ ಕೊಟ್ಟದ್ದು ನೆತ್ತರುಕೊಡಗೆ. ಆರ್ಥಿಕ ಅಭಿವೃದ್ಧಿಗೆ ಮನ್ನಣೆ ಎಂದರೆ ಆಗ ಗಾಜಿನ ಫಲಕವಲ್ಲ, ಅನ್ನ. ಅದರಲ್ಲೂ ಒಂದು ಜಾಣತನವಿದೆ, ನೋಡಿ: ಕಟ್ಟಿದ ಕೆರೆ ಸೋರಿದರೆ ಬಹುಮಾನವೂ ಒಣಗುತ್ತದೆ.

ಆದರೆ ಹೆಸರಿನ ವಿಷಯದಲ್ಲಿ ಎಲ್ಲ ಕಲ್ಲುಗಳಿಗಿಂತ ಸೊಗಸಾದ ಕಥೆ ಕಲ್ಲಿನದಲ್ಲ, ಬಾಯಿಮಾತಿನದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಕಾಣದವರು ನಮ್ಮ ಕಡೆ ಕಡಿಮೆ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ನೀರು. ಸಿದ್ಧ, ಬಸವ ಎಂದು ಎರಡು ತೂಬುಗಳು. ಹನ್ನೊಂದು-ಹನ್ನೆರಡನೆಯ ಶತಮಾನದ್ದೆನ್ನುವ ಆ ಕೆರೆಯ ನೀರನ್ನು ಚಿತ್ರದುರ್ಗದವರು ಇಂದಿಗೂ ಕುಡಿಯುತ್ತಿದ್ದಾರೆ. ಸ್ವರ್ಗಾವತಿ ಪಟ್ಟಣದ ರಾಜಕುಮಾರಿ ಶಾಂತವ್ವ ತನ್ನ ಮೇಲೆ ಬಂದ ಅಪವಾದವನ್ನು ಕಳೆದುಕೊಳ್ಳಲು ಕೆರೆ ಕಟ್ಟಿಸಹೊರಟಳಂತೆ. ಜಾಗ ಆರಿಸಿದಳು. ಅಲ್ಲಿ ಸೂಳೆಯರ ಕೇರಿಯಿತ್ತು. ಬಿಟ್ಟುಕೊಡಿ ಎಂದು ಕೇಳಿದಾಗ ಅವರು ಹೊನ್ನು ಕೇಳಲಿಲ್ಲ, ಬದಲು ಜಾಗ ಕೇಳಲಿಲ್ಲ. ಕೆರೆಗೆ ನಮ್ಮ ಹೆಸರಿಡಬೇಕು ಎಂದರು. ರಾಜನ ಮಗಳು ಒಪ್ಪಿದಳು.

ಕಟ್ಟುಕಥೆಯೇ ಇರಲಿ, ಅದನ್ನು ಕಟ್ಟಿದವರ ನ್ಯಾಯಬುದ್ಧಿಯನ್ನು ಮೆಚ್ಚಬೇಕು. ಕಟ್ಟಿಸಿದವಳ ಹೆಸರಲ್ಲ, ದುಡ್ಡು ಹಾಕಿದವಳ ಹೆಸರಲ್ಲ, ಎದ್ದುಹೋದವರ ಹೆಸರು ನೀರಿನ ಮೇಲೆ ನಿಂತಿತು. ಆ ಕರಾರನ್ನು ಎಂಟುನೂರು ವರ್ಷ ಊರಿನ ಜನ ಪಾಲಿಸಿದರು. ಮುರಿದವರು ಓದಿದ ನಾವು. ನಾಲಗೆಗೆ ಮುಜುಗರವಾಗುತ್ತದೆಂದು 'ಶಾಂತಿಸಾಗರ' ಎಂದು ಬೋರ್ಡು ಬರೆಸಿದೆವು. ನಾನೂ ತರಗತಿಯಲ್ಲಿ ಹುಡುಗಿಯರ ಮುಂದೆ ಶಾಂತಿಸಾಗರವೆಂದೇ ಹೇಳುತ್ತಿದ್ದವನು. ಈಗ ಹೇಳುವುದಿಲ್ಲ.

ಬೆಂಗಳೂರಿನಲ್ಲಿಯೂ ಹೆಸರಿನ ವ್ಯಾಪಾರ ನಡೆದಿದೆ. 1978ರಲ್ಲಿ ಕಿಯೋನಿಕ್ಸಿನ ಆರ್.ಕೆ. ಬಾಳಿಗಾ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಮಾಡಹೊರಟರು. ಹೊಸತನಕ್ಕೆ ಬಿನ್ನವತ್ತಳೆ ಬರೆಯುವುದಾದರೆ ನಾನು ಮೊದಲು ಅವರಿಗೆ ಬರೆದೇನು. ಕಂಪೆನಿಗಳು ಇನ್ನೂ ಹುಟ್ಟದೆ ಇರುವಾಗ ಅವುಗಳಿಗೆ ನೆಲ ಹಾಸಿಟ್ಟವರು ಆ ಮನುಷ್ಯ. ಇನ್ಫೋಸಿಸ್ ಹುಟ್ಟಿದ್ದೇ 1981ರಲ್ಲಿ. ಅಗ್ರಹಾರವೆಂದರೂ ಮೊದಲಿಗೆ ದತ್ತಿ ಬಿಟ್ಟ ಭೂಮಿಯೇ. 2025ರ ಆಗಸ್ಟಿನಲ್ಲಿ ಆ ಕಡೆಗೆ ಮೆಟ್ರೊ ಹಳದಿ ಮಾರ್ಗ ತೆರೆಯಿತು. ಅಲ್ಲಿನ ನಿಲ್ದಾಣಕ್ಕೆ 'ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ' ಎಂದು ಹೆಸರು. ಮುಂದೆ ಹೋದರೆ 'ಬಯೋಕಾನ್ ಹೆಬ್ಬಗೋಡಿ', 'ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ'. ಹಣ ಕೊಟ್ಟವರ ಹೆಸರು ಮುಂದೆ, ಊರಿನ ಹೆಸರು ಹಿಂದೆ. ಹಿಂದಾದರೂ ಇದೆಯಲ್ಲ ಎಂದು ನಾನು ಸಮಾಧಾನಪಡುವ ಜಾತಿಯವನು. ಕೋನಪ್ಪನ ಹೆಸರನ್ನು ರೈಲಿನ ಧ್ವನಿ ದಿನಕ್ಕೆ ನೂರಾರು ಬಾರಿ ಕೂಗುತ್ತಿದೆ. ಎಷ್ಟು ಜನ ಕವಿಗಳಿಗೆ ಆ ಭಾಗ್ಯವಿದೆ?

ಎದ್ದುಹೋಗಲು ಒಪ್ಪದವರೂ ಇದ್ದಾರೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳಲ್ಲಿ 1,777 ಎಕರೆಯನ್ನು ವಿಮಾನೋದ್ಯಮದ ಪಾರ್ಕಿಗೆ ತೆಗೆದುಕೊಳ್ಳಬೇಕೆಂದಿದ್ದ ಸರ್ಕಾರ, ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತ ಮೇಲೆ, 2025ರ ಜುಲೈ 15ರಂದು ಕೈಬಿಟ್ಟಿತು. ಅದನ್ನು ಪತ್ರಿಕೆಯಲ್ಲಿ ಓದಿದಾಗ ನಾನು ಚಪ್ಪಾಳೆ ತಟ್ಟಿದೆ. ಚಪ್ಪಾಳೆ ತಟ್ಟಿದ್ದು ಮೂವತ್ತು-ನಲವತ್ತರ ನನ್ನ ಸೈಟಿನ ಮನೆಯ ಜಗಲಿಯಲ್ಲಿ ಕುಳಿತು. ಆ ಬಡಾವಣೆಯಾಗುವ ಮುಂಚೆ ಅಲ್ಲಿ ಯಾರದ್ದೋ ಹೊಲವಿತ್ತು. ಅದಕ್ಕೂ ಯಾವುದೋ ಅಜ್ಜಿಯ ಹೆಸರಿದ್ದೀತು. ಹನ್ನೊಂದು ವರ್ಷದಿಂದ ಅಲ್ಲಿ ವಾಸವಾಗಿದ್ದು ಒಂದು ದಿನವೂ ನಾನು ಅದನ್ನು ವಿಚಾರಿಸಿರಲಿಲ್ಲ. ಹೀಗಿರುವವನು ಚಿಕ್ಕಪ್ಪನಿಗೆ 'ಮಾರಬೇಡಿ' ಎಂದು ಯಾವ ಬಾಯಲ್ಲಿ ಹೇಳಲಿ? ನನಗೆ ತಿಂಗಳ ಮೊದಲ ದಿನ ಸಂಬಳ ಬರುತ್ತದೆ. ಅವರಿಗೆ ಬರುವುದು ಸೊಸೈಟಿಯ ನೋಟೀಸು.

ಬೆಳಗ್ಗೆ ಎದ್ದು, "ಚಿಕ್ಕಪ್ಪ, ಸಹಿ ಮಾಡ್ತೀನಿ" ಎಂದೆ.

"ರಾತ್ರಿಯೆಲ್ಲ ಲೈಟು ಉರೀತಿತ್ತಲ್ಲಪ್ಪ. ಇದಕ್ಕೆ ಅಷ್ಟು ಓದ್ಬೇಕಾಗಿತ್ತಾ?" ಎಂದರು.

ಬಿನ್ನವತ್ತಳೆಯನ್ನು ಆ ದಿನವೇ ಬರೆದು ಕಳಿಸಿದೆ. ಕಂಪೆನಿಯ ಹೊಸತನವನ್ನು ಮನಸಾರೆ ಹೊಗಳಿದೆ. ಕಡಿಮೆ ಜಾಗದಲ್ಲಿ ಹೆಚ್ಚು ಜನ ಕೆಲಸ ಮಾಡುವುದು, ಮಳೆನೀರು ಹಿಡಿಯುವುದು, ಸುತ್ತಿನ ಹುಡುಗರಿಗೆ ಉದ್ಯೋಗ ಸಿಕ್ಕುವುದು ಹೊಗಳತಕ್ಕ ಸಂಗತಿಗಳೇ. ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದ್ದೆ: ಈ ಕಟ್ಟಡಗಳಿಗೆ ಮೊದಲು ಇಲ್ಲಿ ಉಳುತ್ತಿದ್ದವರಿಗೂ ಈ ಗೌರವದಲ್ಲಿ ಪಾಲಿದೆ, ಎಂದು. ಅಕ್ಕನ ಮಗ ಎರಡು ದಿನ ಬಿಟ್ಟು ಫೋನು ಮಾಡಿದ. "ತುಂಬ ಚೆನ್ನಾಗಿದೆ ಮಾವ. ಕೊನೇ ಸಾಲು ಮಾತ್ರ ಫಲಕದಲ್ಲಿ ಹಿಡಿಸಲಿಲ್ಲ." ಹಿಡಿಸಲಿಲ್ಲ ಎಂಬ ಕ್ರಿಯಾಪದಕ್ಕೆ ಎರಡು ಅರ್ಥವಿದೆ, ಯಾವುದೆಂದು ನಾನು ಕೇಳಲಿಲ್ಲ.

ಮುಂದಿನ ವಾರ ನೋಂದಣಿ ಕಚೇರಿಯ ಎದುರಿನ ಪತ್ರ ಬರಹಗಾರರ ಅಂಗಡಿಯಲ್ಲಿ ಸೇರಿದೆವು. ಕಂಪೆನಿಯ ಪರವಾಗಿ ಬಂದಿದ್ದ ಹುಡುಗ ಸಭ್ಯ. ಚಿಕ್ಕಪ್ಪನಿಗೆ ತಾನೇ ಕುರ್ಚಿ ತಂದು ಹಾಕಿದ. ಬರಹಗಾರರು ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಓದಿದರು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಳ್ಳ. ಶಾಸನದಲ್ಲಿ ಬರುವ ಎಲ್ಲೆಯ ಸಾಲುಗಳಂತೆಯೇ ಕೇಳಿಸಿತು.

"ಹೊಲದ ಹೆಸರು ಬರೀಲಿಲ್ಲವಲ್ರೀ" ಎಂದರು ಚಿಕ್ಕಪ್ಪ.

"ಸರ್ವೆ ನಂಬರಿದೆಯಲ್ಲ ಯಜಮಾನ್ರೇ."

"ಅದು ಸರ್ಕಾರ ಇಟ್ಟದ್ದು. ಹೆಸರು ಬರೀರಿ."

ಬರಹಗಾರರು ಕಂಪೆನಿಯ ಹುಡುಗನ ಮುಖ ನೋಡಿದರು. ಅವನು ಫೋನಿನಲ್ಲಿ ಯಾರನ್ನೋ ಕೇಳಿದ. ಹೊರಗೆ ಹೋದ, ಬಂದ. "ಒಂದು ಪದ ತಾನೆ, ಹಾಕಿ" ಎಂದ. ಬರಹಗಾರರು ಕನ್ನಡಕವನ್ನು ಮೇಲೇರಿಸಿಕೊಂಡು, ಒಂದೊಂದೇ ಅಕ್ಷರವಾಗಿ 'ರೂಢಿಯಲ್ಲಿ ಅಜ್ಜಿ ಹೊಲವೆಂದು ಕರೆಯಲ್ಪಡುವ' ಎಂದು ಸೇರಿಸಿದರು. ಜ್ಜಿ ಒತ್ತಕ್ಷರ ಮೊದಲು ತಪ್ಪಾಯಿತು, ನಾನು ತಿದ್ದಿಸಿದೆ.

ಆಮೇಲೆ ಇಬ್ಬರೂ ಹೆಬ್ಬೆಟ್ಟು ಒತ್ತಿ, ಫೋಟೊ ತೆಗೆಸಿಕೊಂಡು ಹೊರಗೆ ಬಂದೆವು. ಚಿಕ್ಕಪ್ಪ ಪತ್ರದ ನಕಲನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಸೇರಿಸಿ, ಎದುರಿನ ಹೋಟೆಲಿನ ಕಡೆ ಕೈ ತೋರಿಸಿ, "ಮಂಡಕ್ಕಿ ಮೆಣಸಿನಕಾಯಿ ತಿಂದು ಹೋಗೋಣ ಬಾ, ಇವತ್ತು ದುಡ್ಡು ನಂದು" ಎಂದರು.