ಆಲಿಕಲ್ಲಿನ ಆಟ



ಹಿಮದಲ್ಲಿ ಆಡುವ ಮಕ್ಕಳ ಚಿತ್ರವನ್ನು ನಾವೆಲ್ಲರೂ ಇಂಗ್ಲಿಷ್ ಪಾಠಪುಸ್ತಕದಲ್ಲಿ ಕಂಡವರೇ ಸರಿ. ಉಣ್ಣೆಯ ಟೋಪಿಯನ್ನು ಧರಿಸಿದ ಆ ಮಕ್ಕಳು ಬಿಳಿಯ ಬೊಂಬೆಯೊಂದನ್ನು ನಿಲ್ಲಿಸಿ, ಅದಕ್ಕೆ ಕ್ಯಾರೆಟ್ಟಿನ ಮೂಗನ್ನಿಟ್ಟು ನಗುತ್ತಿದ್ದರು. ನಾವಾದರೋ ಬೆವರನ್ನು ಒರಸಿಕೊಳ್ಳುತ್ತ ಆ ಪಾಠವನ್ನು ಬಾಯಿಪಾಠ ಮಾಡಿದೆವು. ನಮ್ಮ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರದಲ್ಲಿದ್ದಾಗ್ಯೂ ಇಲ್ಲಿ ಹಿಮವು ಬೀಳುವಂತಿಲ್ಲ. ಈ ಊರಿನಲ್ಲಿ ದಾಖಲೆಯಾಗಿರುವ ಅತ್ಯಂತ ಕಡಿಮೆ ಉಷ್ಣತೆಯೇ 7.8 ಡಿಗ್ರಿ ಸೆಂಟಿಗ್ರೇಡು. ಅದೂ 1884ನೆಯ ಇಸವಿಯ ಜನವರಿಯಲ್ಲಿ. ಆದರೂ ಜಯನಗರದ ಮಕ್ಕಳಾದ ನಮಗೆ ಆಕಾಶವು ಮಂಜುಗಡ್ಡೆಯನ್ನು ಕೊಡದೆ ಇರಲಿಲ್ಲ. ಚಳಿಗಾಲಕ್ಕೆ ಬದಲಾಗಿ ಬೇಸಗೆಯಲ್ಲಿ ಕೊಟ್ಟಿತು, ಅಷ್ಟೆ.

1948ರಲ್ಲಿ ಆರಂಭವಾದ ಈ ಬಡಾವಣೆಯಲ್ಲಿ ನಮ್ಮ ಬಾಲ್ಯದ ಕಾಲಕ್ಕೆ ಇನ್ನೂ ಅನೇಕ ನಿವೇಶನಗಳು ಬರಿದಾಗಿದ್ದವು. ಅಶ್ವಿನಿ, ಭರಣಿ ಮಳೆಗಳ ದಿನಗಳಲ್ಲಿ ಮಧ್ಯಾಹ್ನದ ತರುವಾಯ ಮೋಡವು ಕವಿದು, ಧೂಳೆದ್ದು, ಹೊಂಗೆಯ ಹೂವು ಬೀದಿಯ ತುಂಬ ಉದುರುತ್ತಿದ್ದಿತು. ಬಚ್ಚಲುಮನೆಯ ತಗಡಿನ ಮೇಲೆ ಮೊದಲನೆಯ ಕಲ್ಲು ಟಣ್ಣೆಂದೊಡನೆಯೇ ನಾವು ಬೀದಿಗೆ ಹಾರುತ್ತಿದ್ದೆವು. ತಲೆಗೆ ಪೆಟ್ಟಾಗದಂತೆ ಒಬ್ಬಳು ಮೊರವನ್ನು ಹೊದ್ದರೆ ಮತ್ತೊಬ್ಬಳಿಗೆ ಪಾತ್ರೆಯೇ ಕಿರೀಟ! ಲಂಗದ ಮಡಿಲಲ್ಲಿ ಆಯ್ದು ತಂದುದನ್ನು ಲೋಟಕ್ಕೆ ಸುರಿದು, ಸಕ್ಕರೆಯನ್ನು ಉದುರಿಸಿ, ಕರಗುವುದರೊಳಗಾಗಿ ತಿನ್ನಬೇಕು. ತಮ್ಮಂದಿರ ಅಂಗಿಯ ಬೆನ್ನಿನೊಳಗೆ ಒಂದೆರಡನ್ನು ಬಿಡುವುದೂ ಉಂಟು. ಯಾರ ಕಲ್ಲು ದೊಡ್ಡದೆಂಬ ವ್ಯಾಜ್ಯವು ತೀರುವ ಮೊದಲೇ ಸಾಕ್ಷಿಯು ಅಂಗೈಯಲ್ಲಿ ನೀರಾಗಿ ಹೋಗುತ್ತಿದ್ದಿತು.

ಮಂಜೆಂಬ ಒಂದೇ ಮಾತನ್ನು ನಾವು ಬೆಳಗಿನ ಕಾವಳಕ್ಕೂ ಹಿಮಾಲಯದ ಹಿಮಕ್ಕೂ ಬಳಸುತ್ತೇವೆ. ಆಲಿಕಲ್ಲಿಗಾದರೋ ಕನ್ನಡದಲ್ಲಿ ಸ್ವಂತದ ಹೆಸರುಂಟು. ಆಲಿಯೆಂದರೆ ಕಣ್ಣಿನ ಪಾಪೆಯೆಂದೂ ಅರ್ಥವು. ಹಿಮವು ಆವಿಯೇ ನೇರವಾಗಿ ಹೆಪ್ಪುಗಟ್ಟಿ ಆರು ಮೂಲೆಯ ಹರಳಾಗಿ ಮೆಲ್ಲಗೆ ಇಳಿಯತಕ್ಕದ್ದು. ಆಲಿಕಲ್ಲಿನ ಹುಟ್ಟೇ ಬೇರೆ. ಬೇಸಗೆಯಲ್ಲಿ ಕಾದ ನೆಲದಿಂದ ಗಾಳಿಯು ರಭಸದಿಂದ ಮೇಲೇರಿ, ನೀರಿನ ಹನಿಗಳನ್ನು ಮೋಡದ ಅತಿ ಶೀತಲವಾದ ಭಾಗಕ್ಕೆ ಒಯ್ಯುತ್ತದೆ. ಅಲ್ಲಿ ಹೆಪ್ಪುಗಟ್ಟಿದ ಕಾಳಿನ ಮೇಲೆ ಪದರದ ಮೇಲೆ ಪದರವು ಕೂಡಿ, ಗಾಳಿಯು ಹೊರಲಾರದಷ್ಟು ಭಾರವಾದೊಡನೆ ಕಲ್ಲು ಕೆಳಗೆ ಬೀಳುತ್ತದೆ. ಒಡೆದು ನೋಡಿದರೆ ಈರುಳ್ಳಿಯಂತೆ ಸುತ್ತುಗಳು ಕಾಣುವುದುಂಟು.

ಒಂದು ವರ್ಷ ಇಂತಹುದೇ ಗದ್ದಲದ ನಡುವೆ, ಕನಕಪುರದ ರಸ್ತೆಯ ಕಡೆಯಿಂದ ತರಕಾರಿ ತರುತ್ತಿದ್ದ ಹೆಂಗಸೊಬ್ಬಳು ಬುಟ್ಟಿಯೊಡನೆ ನಮ್ಮ ಜಗಲಿಯನ್ನು ಸೇರಿದಳು. ನಮ್ಮ ಕುಣಿತವನ್ನು ಕಂಡು ನಗುವವಳೆಂದುಕೊಂಡೆವು. ಅವಳು ದಕ್ಷಿಣದ ಆಕಾಶವನ್ನೇ ನೋಡುತ್ತಿದ್ದಳು. "ಅಮ್ಮಾವ್ರೇ, ನಮ್ಮ ಕಡೇನೂ ಬಿದ್ದೈತೇನೋ. ಮಾವು ಈಗ ತಾನೇ ಕಾಯಿ ಕಟ್ಟಿತ್ತು," ಎಂದು ನಮ್ಮ ಅಜ್ಜಿಯವರೊಡನೆ ನುಡಿದಳು. ಅಜ್ಜಿಯವರು ಅವಳಿಗೆ ಕಾಫಿಯನ್ನು ಕೊಟ್ಟು, ನಮ್ಮನ್ನು ಸುಮ್ಮನಿರಹೇಳಿದರು. ಬಳಿಕ ಎರಡು ವಾರ ಅವಳು ಬರಲಿಲ್ಲ. ಬಂದಾಗ ಅವಳ ಬುಟ್ಟಿಯಲ್ಲಿ ಸಿಪ್ಪೆಯೊಡೆದ ಎಳೆಯ ಮಾವಿನಕಾಯಿಗಳಿದ್ದವು. ಉಪ್ಪಿನಕಾಯಿಗೆಂದು ಅಜ್ಜಿಯವರು ಚೌಕಾಶಿಯಿಲ್ಲದೆ ಅಷ್ಟನ್ನೂ ಕೊಂಡರು. ಆ ವರ್ಷದ ಉಪ್ಪಿನಕಾಯಿಯನ್ನು ನಾವು ಮೌನವಾಗಿಯೇ ತಿಂದೆವು.

ಇಂದು ಬರಿಯ ನಿವೇಶನಗಳಿಲ್ಲ. ಅಂಗಳಗಳು ಕಾರುಗಳ ಪಾಲಾಗಿವೆ. ತಾಯಂದಿರು ಮಕ್ಕಳನ್ನು ಒಳಗೆ ಕರೆಯುವುದನ್ನೂ ನಾವು ತಪ್ಪೆನ್ನಲಾರೆವು. ಕಲ್ಲನ್ನು ಸುರಿಸುವ ಮೋಡವೇ ಸಿಡಿಲನ್ನೂ ಹೊತ್ತಿರುತ್ತದೆ. 1888ರಲ್ಲಿ ಮೊರಾದಾಬಾದಿನ ಕಡೆ ಆಲಿಕಲ್ಲಿನಿಂದಲೇ 246 ಮಂದಿ ಮಡಿದರು. ಗುಡುಗು ಕೇಳಿಸುವವರೆಗೂ ಒಳಗಿರಿಸಿ, ಕಡೆಯ ಗುಡುಗಿನ ಅರ್ಧ ಗಂಟೆಯ ಬಳಿಕ ಬಿಡುವುದು ಕ್ಷೇಮವು. ಅಷ್ಟು ಹೊತ್ತಿಗೆ ಕಲ್ಲು ಉಳಿದಿರಬೇಕಲ್ಲ, ಎಂದು ಮಕ್ಕಳು ಕೇಳುವರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ.

ಕೆನಡಾ ದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಗಳೊಬ್ಬಳು ಕಳೆದ ಬೇಸಗೆಯಲ್ಲಿ ಬಂದಿದ್ದಳು. ಮೊಣಕಾಲುದ್ದದ ಹಿಮದಲ್ಲಿ ಆಡುವ ಅವಳಿಗೆ ನಮ್ಮ ಕಡಲೆಗಾತ್ರದ ಕಲ್ಲುಗಳು ಅಲ್ಪವಾಗಿ ತೋರುವುವೆಂದು ಭಾವಿಸಿದ್ದೆವು. ಮಳೆ ನಿಂತ ಮೇಲೆ ಹೂಕುಂಡಗಳ ಸಂದಿಯಲ್ಲಿ ಹುಡುಕಿ ಏಳನ್ನು ತಂದು, "ಅಜ್ಜೀ, ಇದು ಬಿಸಿಲಲ್ಲೂ ಬರುತ್ತಾ?" ಎಂದು ಬೆರಗಾಗಿ, ಡಬ್ಬಿಯಲ್ಲಿಟ್ಟು ಫ್ರಿಜ್ಜಿಗೆ ಸೇರಿಸಿದಳು. ಡಬ್ಬಿಯ ಮೇಲೆ ಅವಳು ತನ್ನ ಹೆಸರನ್ನು ಕನ್ನಡದಲ್ಲಿಯೇ ಬರೆದಿರುವಳಾದ ಕಾರಣ, ಅದನ್ನು ತೆಗೆಯಲು ಮನೆಯಲ್ಲಿ ಯಾರಿಗೂ ಮನಸ್ಸು ಬಂದಿಲ್ಲ.