ಪಿಕಪ್ ಗಾಡಿಗೆ ‘ಪಿಕಪ್’ ಎಲ್ಲಿಂದ ಬರುತ್ತದೆ?

ಬೆಂಗಳೂರಿನಿಂದ ಮೈಸೂರಿಗೆ ಹೊರಟವರಲ್ಲಿ ಹೆಚ್ಚಿನವರು ಈಗ ರಾಮನಗರವನ್ನು ನೋಡುವುದೇ ಇಲ್ಲ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗಿಬಿಡುತ್ತದೆ. ಬಂಡೆಬೆಟ್ಟಗಳು ದೂರದಲ್ಲಿ ಒಮ್ಮೆ ಮೈದೋರಿ ಹಿಂದೆ ಸರಿಯುತ್ತವೆ, ಅಷ್ಟೆ. ಆದರೆ ಹೆದ್ದಾರಿಯ ಸಹವಾಸ ಬಿಟ್ಟು ಊರೊಳಗೆ ಇಳಿದು, ಅಲ್ಲಿಂದ ಕೈಲಾಂಚದ ಕಡೆ ತಿರುಗಿಕೊಂಡರೆ ಬೇರೆಯದೇ ಒಂದು ಲೋಕ ತೆರೆದುಕೊಳ್ಳುತ್ತದೆ. ಒಂದು ಪಕ್ಕ ಹಿಪ್ಪುನೇರಳೆ ತೋಟ, ಇನ್ನೊಂದು ಪಕ್ಕ ಮಾವಿನ ತೋಪು, ನಡುನಡುವೆ ರಾಗಿ ಹೊಲ, ಎಲ್ಲಕ್ಕೂ ಹಿನ್ನೆಲೆಯಾಗಿ ಕಲ್ಲುಗುಡ್ಡ.

ಕಸಬಾ, ಬಿಡದಿ, ಕೂಟಗಲ್, ಕೈಲಾಂಚ - ಇವು ರಾಮನಗರ ತಾಲ್ಲೂಕಿನ ಹೋಬಳಿಗಳು. 2007ರಲ್ಲಿ ಜಿಲ್ಲೆಯಾದ ರಾಮನಗರಕ್ಕೆ 2025ರಲ್ಲಿ ‘ಬೆಂಗಳೂರು ದಕ್ಷಿಣ ಜಿಲ್ಲೆ’ ಎಂಬ ಹೆಸರು ಬಂದಿತು. ಕಾಗದದ ಮೇಲೆ ಹೆಸರು ಏನೇ ಆಗಲಿ, ಇಲ್ಲಿನ ಬಂಡೆಗಳಿಗೆ ಅದರ ಪರಿವೆಯಿಲ್ಲ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ‘ಕ್ಲೋಸ್‌ಪೇಟೆ’ ಎಂಬ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲಿ ‘ಕ್ಲೋಸ್‌ಪೇಟ್ ಗ್ರಾನೈಟ್’ ಆಗಿ ಉಳಿದುಕೊಂಡಿದೆ. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ.

ಇಂಥ ಕಡೆಗೆ ಹೋದವರು ಬೆಟ್ಟವನ್ನೋ ದೇವಸ್ಥಾನವನ್ನೋ ನೋಡಿ ಬರುವುದು ವಾಡಿಕೆ. ನಾವು ಈ ಸಲ ರಸ್ತೆಯನ್ನು ನೋಡೋಣ. ರಸ್ತೆಯ ಮೇಲೆ ಓಡುವ ಸಣ್ಣ ಪಿಕಪ್ ಗಾಡಿಗಳನ್ನು ನೋಡೋಣ. ಈ ಸೀಮೆಯ ಎಷ್ಟೋ ಮನೆಗಳ ಅನ್ನ ಆ ಗಾಡಿಗಳ ಹಿಂದಿನ ಡಬ್ಬದಲ್ಲಿದೆ. ಹೈಸ್ಕೂಲಿನ ಭೌತಶಾಸ್ತ್ರದ ಎರಡು ಮೂರು ಪಾಠಗಳೂ ಅಲ್ಲಿಯೇ ಇವೆ.

ಒಂದೇ ಪದ, ಎರಡು ಅರ್ಥ

‘ಪಿಕಪ್’ ಎಂಬ ಪದಕ್ಕೆ ನಮ್ಮ ರಸ್ತೆಗಳಲ್ಲಿ ಎರಡು ಅರ್ಥ. ಹಿಂದೆ ತೆರೆದ ಡಬ್ಬವಿರುವ ಗಾಡಿಯೂ ಪಿಕಪ್ಪೇ. ಎಕ್ಸಲೇಟರ್ ಒತ್ತಿದಾಗ ಗಾಡಿ ಮುಂದಕ್ಕೆ ಚಿಮ್ಮುವ ಗುಣವೂ ಪಿಕಪ್ಪೇ. ‘ಗಾಡಿ ಏನೋ ಹೊಸದು, ಆದರೆ ಪಿಕಪ್ ಇಲ್ಲ’ ಎಂದು ಚಾಲಕರು ಹೇಳುವಾಗ ಎರಡನೆಯ ಅರ್ಥ. ಟರ್ಬೊ ಇರುವ ಗಾಡಿಯವರದು ಇನ್ನೊಂದು ಬಗೆಯ ಮಾತು: ‘ಒತ್ತಿದ ತಕ್ಷಣ ಏನೂ ಇಲ್ಲ, ಒಂದು ಗಳಿಗೆ ತಡೆದು ಆಮೇಲೆ ಎತ್ಕೊಳ್ತದೆ.’ ಆ ‘ಒಂದು ಗಳಿಗೆ’ಯೊಳಗೆ ಏನು ನಡೆಯುತ್ತದೆ ಎಂಬುದೇ ನಮ್ಮ ವಿಷಯ.

ಮೊದಲು ಹೊರೆಯನ್ನು ಗಮನಿಸಿ. ರೇಷ್ಮೆಹುಳು ಗೂಡು ಕಟ್ಟಿ ಮುಗಿಸಿದ ಮೇಲೆ ರೈತ ಕಾಯುತ್ತ ಕೂರುವಂತಿಲ್ಲ. ಚಂದ್ರಿಕೆಯಿಂದ ಗೂಡು ಬಿಡಿಸಿ ಬೇಗ ಮಾರುಕಟ್ಟೆಗೆ ಹಾಕದಿದ್ದರೆ ಒಳಗಿನ ಕೋಶ ಚಿಟ್ಟೆಯಾಗಿ, ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ನೂಲು ಹಾಳಾಗುತ್ತದೆ. ನೂರು ಮೊಟ್ಟೆಯ ಬೆಳೆಗೆ ಅರವತ್ತು ಎಪ್ಪತ್ತು ಕಿಲೋ ಗೂಡು ಬಂದರೆ ಒಳ್ಳೆಯ ಫಸಲು. ಹಾಗಾಗಿ ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಟ ಪಿಕಪ್ ನೋಡುವುದಕ್ಕೆ ತುಂಬಿ ತುಳುಕುತ್ತಿದ್ದರೂ ತೂಕದಲ್ಲಿ ಹಗುರ.

ಬೇಸಿಗೆಯಲ್ಲಿ ಇದೇ ಗಾಡಿಗೆ ಬಾದಾಮಿ, ರಸಪುರಿ, ಸೇಂದೂರ ಮಾವು ಏರುತ್ತದೆ. ಪ್ಲಾಸ್ಟಿಕ್ ಕ್ರೇಟು ಒಂದಕ್ಕೆ ಇಪ್ಪತ್ತು ಕಿಲೋ ಎಂದುಕೊಂಡರೂ ಅರವತ್ತು ಕ್ರೇಟಿಗೆ 1,200 ಕಿಲೋ ಆಯಿತು. ಗಾಡಿ ಅದೇ, ರಸ್ತೆ ಅದೇ, ಚಾಲಕನ ಕಾಲೂ ಅದೇ. ಆದರೆ ಗೂಡಿನ ದಿನ ಕುದುರೆಯಂತಿದ್ದದ್ದು ಮಾವಿನ ದಿನ ಕೋಣನಾಗುತ್ತದೆ.

ಬಸ್ಸಿನ ಟಾಪಿನಿಂದ ಟರ್ಬೊವರೆಗೆ

ಇಂದಿನ ವಿದ್ಯಾರ್ಥಿಗಳ ತಂದೆತಾಯಿಗೆ ಬಸ್ಸಿನ ಟಾಪಿನ ಮೇಲೆ ಗೂಡಿನ ಮೂಟೆ ಏರಿಸುತ್ತಿದ್ದ ಕಾಲ ನೆನಪಿರಬಹುದು. ಅನುಕೂಲಸ್ಥರಿಗೆ ಮೆಟಡಾರ್ ಬಾಡಿಗೆಗೆ ಸಿಗುತ್ತಿತ್ತು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಹಳ್ಳಿಯ ಸಾಗಣೆಯ ಲೆಕ್ಕವೇ ಬದಲಾಯಿತು. ಎರಡು ಸಿಲಿಂಡರ್, 702 ಸಿ.ಸಿ., 16 ಅಶ್ವಶಕ್ತಿ. ಹೊರೆ 750 ಕಿಲೋ. ಅದಕ್ಕೆ ಟರ್ಬೊ ಇರಲಿಲ್ಲ. ನಿಧಾನ, ಆದರೆ ಕಾಲಿಟ್ಟಷ್ಟೇ ಸಲೀಸಾಗಿ ಸ್ಪಂದಿಸುತ್ತಿತ್ತು. 2011ರಲ್ಲಿ ಅಶೋಕ್ ಲೇಲ್ಯಾಂಡ್‌ನ ದೋಸ್ತ್, 2019ರಲ್ಲಿ ಟಾಟಾ ಇಂಟ್ರಾ ಬಂದವು. ಇವು ಟರ್ಬೊ ಡೀಸೆಲ್ ಗಾಡಿಗಳು. ಇಂಟ್ರಾದ ವಿ30 ಮಾದರಿಯಲ್ಲಿ ಒಂದೂವರೆ ಲೀಟರಿನ ಎಂಜಿನ್ 70 ಅಶ್ವಶಕ್ತಿ ಕೊಡುತ್ತದೆ. ಹೊರುವ ಭಾರ 1,300 ಕಿಲೋ. ಎಂಜಿನ್ನಿನ ಗಾತ್ರ ಏಸ್‌ಗಿಂತ ಎರಡು ಪಟ್ಟು ಮಾತ್ರ, ಶಕ್ತಿ ನಾಲ್ಕು ಪಟ್ಟಿಗಿಂತ ಹೆಚ್ಚು. ಟರ್ಬೊದ ಜೊತೆಗೆ ಹೆಚ್ಚು ವೇಗವಾಗಿ ತಿರುಗುವ, ನಿಖರವಾಗಿ ಡೀಸೆಲ್ ಚಿಮ್ಮಿಸುವ ಹೊಸ ಎಂಜಿನ್ನಿಗೂ ಈ ಶ್ರೇಯಸ್ಸು ಸಲ್ಲಬೇಕು.

ಒಲೆಗೆ ಊದುಗೊಳವೆ ಇದ್ದಂತೆ ಎಂಜಿನ್ನಿಗೆ ಟರ್ಬೊ. ಹೊಗೆಯಾಗಿ ಹೊರಹೋಗುವ ಬಿಸಿ ಅನಿಲ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಿದ್ದರೆ ಹೆಚ್ಚು ಡೀಸೆಲ್ ಉರಿಸಬಹುದು, ಹೆಚ್ಚು ಬಲ ಪಡೆಯಬಹುದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬುಶಿ ಎಂಬ ಎಂಜಿನಿಯರ್ 1905ರಲ್ಲಿ ಈ ಉಪಾಯಕ್ಕೆ ಪೇಟೆಂಟ್ ಪಡೆದ. ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಎತ್ತರದಲ್ಲಿರುವ ಈ ಸೀಮೆಯಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ 8ರಷ್ಟು ಕಡಿಮೆ. ಆ ಕೊರತೆಯನ್ನೂ ಟರ್ಬೊ ಬಹುಮಟ್ಟಿಗೆ ತುಂಬಿಕೊಡುತ್ತದೆ.

ಹಾಗಾದರೆ ತಡವೇಕೆ? ಆ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿದಾಗಷ್ಟೇ ಗಾಳಿಗೆ ಸರಿಯಾದ ಒತ್ತಡ ಬರುತ್ತದೆ. ತಿರುಗಲು ಹೊಗೆ ಬೇಕು. ಹೊಗೆ ಬರಲು ಡೀಸೆಲ್ ಉರಿಯಬೇಕು. ಹೆಚ್ಚು ಡೀಸೆಲ್ ಉರಿಯಲು ಹೆಚ್ಚು ಗಾಳಿ ಬೇಕು. ಆ ಗಾಳಿ ಬರಬೇಕಾದರೆ ಚಕ್ರ ತಿರುಗಬೇಕು! ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಂಥದೇ ಈ ಸಂಗತಿ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಈ ಸುತ್ತು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಅದೇ ಟರ್ಬೊದ ತಡ. ಹಿಂದಿನ ಗಾಡಿಗಳಲ್ಲಿ ಗಾಳಿ ಬರುವ ಮೊದಲೇ ಡೀಸೆಲ್ ಹೆಚ್ಚು ಸುರಿದು ಕರಿಹೊಗೆ ಬರುತ್ತಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಆ ಹೊಗೆಗೆ ಅವಕಾಶವಿಲ್ಲ. ಗಾಳಿ ಎಷ್ಟಿದೆ ಎಂದು ಅಳೆದು, ಅಷ್ಟಕ್ಕೇ ಡೀಸೆಲ್ ಬಿಡುವ ಕೆಲಸವನ್ನು ಗಾಡಿಯೊಳಗಿನ ಕಂಪ್ಯೂಟರ್ ಮಾಡುತ್ತದೆ.

ಅಂದರೆ, ಇಂಥ ಗಾಡಿಯಲ್ಲಿ ನಿಮ್ಮ ಕಾಲು ಎಂಜಿನ್ನಿಗೆ ಆಜ್ಞೆ ಮಾಡುವುದಿಲ್ಲ, ಅರ್ಜಿ ಹಾಕುತ್ತದೆ. ಎಷ್ಟು ಮಂಜೂರು ಮಾಡಬೇಕೆಂಬುದು ಕಂಪ್ಯೂಟರಿನ ತೀರ್ಮಾನ. ಪೆಡಲ್ಲಿಗೆ ಸಿಕ್ಕಿಸುವ ಒಂದು ಸಣ್ಣ ಡಬ್ಬಿಯನ್ನು ‘ಇದರಿಂದ ಪಿಕಪ್ ಹೆಚ್ಚುತ್ತದೆ’ ಎಂದು ಮಾರುವವರಿದ್ದಾರೆ. ಅದು ಮಾಡುವುದಿಷ್ಟೇ: ಕಾಲು ಅರ್ಧ ಒತ್ತಿದಾಗ ಮುಕ್ಕಾಲು ಒತ್ತಿದೆ ಎಂದು ಸುಳ್ಳು ಹೇಳುತ್ತದೆ. ಪೂರ್ತಿ ಒತ್ತಿದರೆ ಸಿಗುವ ಬಲ ಮೊದಲಿನಷ್ಟೇ. ಗಾಡಿ ಚುರುಕಾದಂತೆ ತೋರುತ್ತದೆ, ಬಲ ಹೆಚ್ಚುವುದಿಲ್ಲ. ಕಾಲಿಗೆ ಎಂಜಿನ್ ಎಷ್ಟು ಬೇಗ ಓಗೊಡುತ್ತದೆ ಎಂಬುದು ಒಂದು. ಗಾಡಿಯ ವೇಗ ಎಷ್ಟು ಬೇಗ ಏರುತ್ತದೆ ಎಂಬುದು ಇನ್ನೊಂದು. ಎರಡನ್ನೂ ಬೆರೆಸಬಾರದು.

ನ್ಯೂಟನ್ನನ ಲೆಕ್ಕ

ಎರಡನೆಯದಕ್ಕೆ ನ್ಯೂಟನ್ನನ ಸೂತ್ರ ಸಾಕು: ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ. ಖಾಲಿ ಪಿಕಪ್ 1,200 ಕಿಲೋ ಎಂದೂ, ಎರಡನೇ ಗೇರಿನಲ್ಲಿ ಚಕ್ರಗಳ ತಳ್ಳುವ ಬಲ 3,000 ನ್ಯೂಟನ್ ಎಂದೂ ಇಟ್ಟುಕೊಳ್ಳಿ. ವೇಗೋತ್ಕರ್ಷ 2.5. ಗಂಟೆಗೆ 20 ಕಿ.ಮೀ.ನಿಂದ 40ಕ್ಕೆ ಏರಲು ಎರಡು ಸೆಕೆಂಡಿಗೆ ತುಸು ಹೆಚ್ಚು. ಅದಕ್ಕೆ ಅರವತ್ತು ಕ್ರೇಟು ಮಾವು ಏರಿಸಿದರೆ ತೂಕ 2,400 ಕಿಲೋ. ವೇಗೋತ್ಕರ್ಷ ಅರ್ಧಕ್ಕಿಳಿದು, ಸಮಯ ನಾಲ್ಕೂವರೆ ಸೆಕೆಂಡಿನ ಹತ್ತಿರ. ಈಗ ಇಪ್ಪತ್ತು ಅಡಿಗೆ ಒಂದು ಅಡಿ ಏರುವ ದಿಣ್ಣೆ ಬಂತೆನ್ನಿ. ಗುರುತ್ವ ಹಿಂದಕ್ಕೆ ಸುಮಾರು 1,200 ನ್ಯೂಟನ್ ಎಳೆಯುತ್ತದೆ, ಉಳಿಯುವುದು 1,800. ಸಮಯ ಏಳು ಸೆಕೆಂಡು ಮೀರಿತು. ಗಾಳಿಯ ತಡೆ, ಟೈರಿನ ತಿಕ್ಕಾಟ ಸೇರಿಸಿದರೆ ಇನ್ನೂ ಹೆಚ್ಚು. ಗೂಡಿನ ದಿನದ ಅಂದಾಜಿನಲ್ಲಿ ಮಾವಿನ ದಿನ ಓಡಿಸುವವರು ಎಡವುವುದು ಇಲ್ಲಿಯೇ.

ಇದನ್ನು ಓವರ್‌ಟೇಕಿಗೆ ಅನ್ವಯಿಸಿ ನೋಡಿ. ನಮ್ಮ ಗಾಡಿ ಸರಾಸರಿ 50 ಕಿ.ಮೀ. ವೇಗದಲ್ಲಿ ಟ್ರ್ಯಾಕ್ಟರನ್ನು ದಾಟುತ್ತಿದೆ. ಎದುರಿನಿಂದ ಬಸ್ಸು 60ರಲ್ಲಿ ಬರುತ್ತಿದೆ. ಎರಡೂ ಸೇರಿ ಪ್ರತಿ ಸೆಕೆಂಡಿಗೆ ಸುಮಾರು 30 ಮೀಟರ್ ದೂರವನ್ನು ನುಂಗುತ್ತವೆ. ಎಂಟು ಸೆಕೆಂಡಿನ ಓವರ್‌ಟೇಕಿಗೆ ಸುಮಾರು 240 ಮೀಟರ್ ಖಾಲಿ ರಸ್ತೆ ಬೇಕು. ಟರ್ಬೊ ಎತ್ತಿಕೊಳ್ಳಲು ಒಂದು ಸೆಕೆಂಡು ತಡವಾದರೆ ಇನ್ನೂ 30 ಮೀಟರ್. ಇಕ್ಕಟ್ಟಾದ ತಾಲ್ಲೂಕು ರಸ್ತೆಯ ತಿರುವಿನಲ್ಲಿ ಅಷ್ಟು ದೂರ ಕಣ್ಣಿಗೇ ಕಾಣುವುದಿಲ್ಲ.

ಪಳಗಿದ ಚಾಲಕರು ಇದಕ್ಕೆ ಸೂತ್ರ ಬರೆಯುವುದಿಲ್ಲ, ಗೇರು ಬದಲಿಸುತ್ತಾರೆ. ದಿಣ್ಣೆ ಶುರುವಾಗುವ ಮುಂಚೆಯೇ ಒಂದು ಗೇರ್ ಇಳಿಸಿದರೆ ಎಂಜಿನ್ನಿನ ಸುತ್ತು ಏರುತ್ತದೆ, ಟರ್ಬೊ ಎಚ್ಚರವಾಗಿರುತ್ತದೆ. ಇಂಟ್ರಾ ವಿ30ರ ಪೂರ್ಣ ತಿರುಚುಬಲ 140 ನ್ಯೂಟನ್ ಮೀಟರ್ ಸಿಗುವುದು 1,800ರಿಂದ 3,000 ಸುತ್ತಿನ ನಡುವೆ. ಮೇಲಿನ ಗೇರಿನಲ್ಲಿ 1,200 ಸುತ್ತಿಗೆ ಇಳಿದು ದಮ್ಮು ಕಟ್ಟಿದ ಎಂಜಿನ್ನಿಗೆ ಎಕ್ಸಲೇಟರನ್ನು ನೆಲಕ್ಕೆ ಒತ್ತಿ ಹಿಡಿದರೂ ಪ್ರಯೋಜನವಿಲ್ಲ. ಅಂತೆಯೇ, ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಹಾಕುವುದು ದೊಡ್ಡ ತಪ್ಪು. ಗೇರಿನಲ್ಲಿದ್ದು ಕಾಲೆತ್ತಿದರೆ ಈ ಎಂಜಿನ್ನುಗಳಿಗೆ ಡೀಸೆಲ್ ತಾನಾಗಿಯೇ ನಿಲ್ಲುತ್ತದೆ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಭಾರ ಹೊತ್ತು ಏರಿ ಬಂದ ಮೇಲೆ ಅರ್ಧ ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು ಆಮೇಲೆ ಆರಿಸಿದರೆ, ಕಾದ ಟರ್ಬೊಗೆ ಎಣ್ಣೆ ಹರಿದು ಅದರ ಆಯುಸ್ಸು ಹೆಚ್ಚುತ್ತದೆ.

ಹೆತ್ತವರು ಗಮನಿಸಬೇಕಾದ್ದು

ಹಳ್ಳಿಯಲ್ಲಿ ಗಾಡಿ ಮನೆಯದು, ಹೊರೆ ಮನೆಯದು, ಮಗನೂ ಮನೆಯವನೇ. ‘ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಿ ಬಾರಪ್ಪ’ ಎಂದು ಪಿಯುಸಿ ಓದುವ ಹುಡುಗನ ಕೈಗೆ ಕೀ ಕೊಡುವುದು ಸಲೀಸು. ಆದರೆ ಸ್ಕೂಟರಿಗೂ ಕಾರಿಗೂ ಹದಿನೆಂಟು ತುಂಬಿದರೆ ಸಾಕಾದರೂ, ಸರಕು ಸಾಗಿಸುವ ವಾಹನ ಓಡಿಸಲು ಮೋಟಾರು ವಾಹನ ಕಾಯ್ದೆಯ ಪ್ರಕಾರ ಇಪ್ಪತ್ತು ವರ್ಷ ತುಂಬಿರಬೇಕು. 7,500 ಕಿಲೋದೊಳಗಿನ ಗಾಡಿಗೆ ಲಘು ವಾಹನದ ಲೈಸೆನ್ಸ್ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಹದಿನೆಂಟರೊಳಗಿನ ಮಕ್ಕಳು ಓಡಿಸಿ ಅಪರಾಧವೆಸಗಿದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಹುಡುಗನಿಗೆ ಇಪ್ಪತ್ತೈದು ತುಂಬುವತನಕ ಲೈಸೆನ್ಸ್ ಇಲ್ಲ.

ದಂಡದ ಮಾತು ಹಾಗಿರಲಿ. ಹಿಂದೆ ಡಬ್ಬದಲ್ಲಿ ಗೂಡಿನ ಚೀಲದ ಬದಲು ಮದುವೆಗೋ ಜಾತ್ರೆಗೋ ಹೊರಟ ಇಪ್ಪತ್ತು ಜನ ನಿಂತಿದ್ದರೆ ಮೇಲೆ ಹೇಳಿದ ಲೆಕ್ಕವೆಲ್ಲ ಇನ್ನಷ್ಟು ಕೆಡುತ್ತದೆ. ಮಾವಿನ ಕ್ರೇಟಿನಂತೆ ಜನ ಒಂದೆಡೆ ಕೂತಿರುವುದಿಲ್ಲ; ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಾರೆ. ಸರಕಿನ ಗಾಡಿಯಲ್ಲಿ ಜನರನ್ನು ತುಂಬಬಾರದೆಂಬ ನಿಯಮ ಪೊಲೀಸರಿಗಾಗಿ ಹುಟ್ಟಿದ್ದಲ್ಲ.

ಓಡಿಸುವುದಕ್ಕಿಂತ ಬಿಚ್ಚಿ ನೋಡುವುದರಲ್ಲಿ ಆಸೆಯಿರುವ ಮಕ್ಕಳಿಗೆ ಇದೇ ತಾಲ್ಲೂಕಿನಲ್ಲಿ ದಾರಿಗಳಿವೆ. ರಾಮನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ, ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಮಕ್ಕಳಿಗೆ ಅಲ್ಲಿಯೇ ಇಟ್ಟುಕೊಂಡು ಮೂರು ವರ್ಷ ಕೆಲಸ ಕಲಿಸುತ್ತದೆ. ಅದೇ ಬಿಡದಿಯ ಕಾರ್ಖಾನೆಯಿಂದ 2022ರಲ್ಲಿ ಹೈಲಕ್ಸ್ ಎಂಬ ದೊಡ್ಡ ಟರ್ಬೊ ಪಿಕಪ್ ಹೊರಬಂದಿತು. 2.8 ಲೀಟರ್ ಎಂಜಿನ್, 204 ಅಶ್ವಶಕ್ತಿ. ನಮ್ಮ ಮಾವಿನ ಗಾಡಿಗೆ ದೊಡ್ಡಪ್ಪನಂತಿದ್ದರೂ ಒಳಗಿನ ತತ್ವ ಒಂದೇ.

ಟರ್ಬೊದ ಈ ತಡವೂ ಬಹುಕಾಲ ಉಳಿಯಲಾರದು. 2022ರಲ್ಲಿ ಪ್ರಕಟವಾದ ವಿದ್ಯುತ್ ಚಾಲಿತ ಏಸ್‌ನ ಮೋಟಾರು ಬರೀ 36 ಅಶ್ವಶಕ್ತಿಯದಾದರೂ 130 ನ್ಯೂಟನ್ ಮೀಟರ್ ತಿರುಚುಬಲವನ್ನು ನಿಂತ ನಿಲುವಿನಿಂದಲೇ ಕೊಡುತ್ತದೆ. ಹೊಗೆಯಿಲ್ಲ, ಚಕ್ರ ತಿರುಗಲೆಂದು ಕಾಯುವ ಗಳಿಗೆಯೂ ಇಲ್ಲ. ಆದರೆ ಮಾವಿನ ಕ್ರೇಟಿನ ತೂಕ ಅದಕ್ಕೂ ಅಷ್ಟೇ, ದಿಣ್ಣೆಯೂ ಅಷ್ಟೇ ಎತ್ತರ.

ಕೈಲಾಂಚದ ಕಡೆ ಹೋಗುವವರು ರಾಮನಗರದವರೆಗೆ ರೈಲಿನಲ್ಲೋ ಬಸ್ಸಿನಲ್ಲೋ ಬಂದು ಮುಂದಕ್ಕೆ ಬೇರೆ ಬಸ್ಸು ಹಿಡಿಯಬಹುದು. ಗೂಡಿನ ಹರಾಜು ನೋಡಬೇಕೆಂದಿದ್ದರೆ ಬೆಳಗ್ಗೆಯೇ ಮಾರುಕಟ್ಟೆಗೆ ಹೋಗಿ. ಮಾವು ನೋಡಬೇಕೆಂದರೆ ಏಪ್ರಿಲ್, ಮೇ ಒಳ್ಳೆಯ ಕಾಲ. ಮಕ್ಕಳು ಜೊತೆಗಿದ್ದರೆ ರಸ್ತೆ ಬದಿಯ ನೆರಳಿನಲ್ಲಿ ಹತ್ತು ನಿಮಿಷ ನಿಲ್ಲಿಸಿ, ದಿಣ್ಣೆ ಏರುವ ಗಾಡಿಗಳ ಸದ್ದು ಕೇಳಿಸಿ. ಯಾವುದು ಖಾಲಿ, ಯಾವುದು ತುಂಬಿದೆ, ಯಾರು ಸಮಯಕ್ಕೆ ಗೇರ್ ಇಳಿಸಿದರು ಎಂಬುದನ್ನು ಕಣ್ಣು ಮುಚ್ಚಿಯೇ ಹೇಳಬಹುದು. ಹಾಗೆ ಹೇಳಬಲ್ಲ ಹುಡುಗ ಅಥವಾ ಹುಡುಗಿ ಮುಂದೊಂದು ದಿನ ಸ್ಟಿಯರಿಂಗ್ ಹಿಡಿದಾಗ ಮನೆಯವರು ನೆಮ್ಮದಿಯಾಗಿರಬಹುದು.