ಹತ್ತು ಬೋಲ್ಟುಗಳ ಪ್ರಸಂಗ

ನಾನು ಸ್ವಲ್ಪ ಕೈಬಿಗಿ ಮನುಷ್ಯನೆಂಬುದು ಸಂಘದ ಮಿತ್ರರಿಗೆ ಹೊಸ ಸುದ್ದಿಯೇನಲ್ಲ. ಯುಗಾದಿ ಊಟದಲ್ಲಿ ಉಳಿದ ಕಾಗದದ ತಟ್ಟೆಗಳನ್ನು ದೀಪಾವಳಿಗೆಂದು ಎತ್ತಿಟ್ಟವನು ನಾನೇ. ಈ ಸಲ ಆ ಗುಣ ಮೋಟಾರ್ ಸೈಕಲ್ಲಿನ ಬ್ರೇಕಿನವರೆಗೂ ಹೋಯಿತು.

ನಿವೃತ್ತಿಯಾದ ಮೇಲೆ ಹಳೆಯದೊಂದು ಹಾರ್ಲೆ ಡೇವಿಡ್‌ಸನ್ ಕೊಂಡಿದ್ದೇನೆ. ಕಳೆದ ಚಳಿಗಾಲ ಹಿಂದಿನ ಚಕ್ರ ಬಿಚ್ಚಿದೆ. ಒಂದು ಮಗ್ಗುಲಿಗೆ ಬ್ರೇಕಿನ ರೋಟರು, ಇನ್ನೊಂದು ಮಗ್ಗುಲಿಗೆ ಬೆಲ್ಟಿನ ಪುಲ್ಲಿ, ಎರಡೂ ಸವೆದಿದ್ದವು. ಒಂದೊಂದಕ್ಕೆ ಐದರಂತೆ ಹತ್ತು ಬೋಲ್ಟು. ಒರೆಸಿ ಪೇಪರಿನ ಮೇಲೆ ಸಾಲಾಗಿಟ್ಟರೆ ಹತ್ತೂ ಮದುವಣಿಗರ ಹಾಗೆ ಹೊಳೆದವು. ಆದರೆ ಕೈಪಿಡಿಯಲ್ಲಿ, ಇವನ್ನು ಎಸೆದು ಹೊಸವನ್ನೇ ಹಾಕಿ ಎಂದಿತ್ತು. ಇದೆಂಥ ದುಂದು!

ಮೈಸೂರಿನಲ್ಲಿ ನಮ್ಮ ತಂದೆಯವರ ಹತ್ತಿರ 1966ರ ಜಾವಾ ಇತ್ತು. 1961ರಿಂದ 1996ರವರೆಗೆ ಅದರ ಕಾರ್ಖಾನೆ ನಮ್ಮೂರಿನಲ್ಲೇ ನಡೆಯಿತಲ್ಲ. ಆದರೂ ತಂದೆಯವರ ಬಿಡಿಭಾಗಗಳೆಲ್ಲ ಬರುತ್ತಿದ್ದುದು ಒಂದು ಹಾರ್ಲಿಕ್ಸ್ ಸೀಸೆಯಿಂದ! ಒಂದು ನಟ್ಟನ್ನೂ ಅವರು ಎಸೆದವರಲ್ಲ.

ಮಗ ಗರಾಜಿಗೆ ಬಂದು ಬೋಲ್ಟುಗಳನ್ನೂ ಕೈಪಿಡಿಯನ್ನೂ ನೋಡಿದ. "ಅಪ್ಪಾ, ಹಿಂದೆ ಅಮ್ಮನೂ ಕೂತ್ಕೊಳ್ತಾಳಲ್ವಾ?" ಎಂದಷ್ಟೇ ಹೇಳಿ ಒಳಗೆ ಹೋದ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೋಲ್ಟು ಬರಿಯ ಮೊಳೆಯಲ್ಲ. ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗಿ, ಸ್ಪ್ರಿಂಗಿನಂತೆ ರೋಟರನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಬ್ರೇಕಿನ ಬಲವನ್ನು ಹೊರುವುದು ಮುಖ್ಯವಾಗಿ ಆ ಒತ್ತಿನ ಘರ್ಷಣೆ. ಬಿಗಿ ಸಡಿಲವಾದರೆ ಪೆಟ್ಟೆಲ್ಲ ಬೋಲ್ಟಿನ ಮೈಗೇ ಬೀಳುತ್ತದೆ. ಸಡಿಲವಾಗದಂತೆ ಹೊಸ ಬೋಲ್ಟಿನ ಮರೆಗೆ ಮೊದಲೇ ಅಂಟು ಬಳಿದಿರುತ್ತಾರೆ. ಗಾಳಿಯಿಲ್ಲದ ಕಡೆ ಲೋಹಕ್ಕೆ ತಾಗಿ ಗಟ್ಟಿಯಾಗುವ ಇಂಥ ಅಂಟನ್ನು 1953ರಲ್ಲಿ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಪ್ರೊಫೆಸರ್ ವರ್ನನ್ ಕ್ರೀಬಲ್ ರೂಪಿಸಿದರು. ಬೋಲ್ಟು ಬಿಚ್ಚಿದೊಡನೆ ಆ ಅಂಟಿನ ಕೆಲಸ ಮುಗಿಯಿತು. ಅದರ ಪುಡಿ ಮರೆಯಲ್ಲಿ ಉಳಿದರೆ ಟಾರ್ಕ್ ರೆಂಚು ಸರಿಯಾದ ಅಂಕಿಯನ್ನೇ ತೋರಿಸೀತು. ಆದರೆ ಬಲದ ಒಂದು ಪಾಲು ಮರೆಯ ಉಜ್ಜಾಟದಲ್ಲೇ ಕಳೆದು, ಒತ್ತು ಕಡಿಮೆಯಾದೀತು.

ಮರೆಗಳನ್ನು ಚೆನ್ನಾಗಿ ತೊಳೆದು, ಹೊಸದಾಗಿ ಲಾಕ್‌ಟೈಟ್ ಹಚ್ಚಿ ಹಳೆಯ ಬೋಲ್ಟನ್ನೇ ಹಾಕುವ ಅನುಭವಸ್ಥರೂ ಇದ್ದಾರೆ. ನಾನೂ ಹಾಗೇ ಮಾಡೋಣವೆಂದು ಬೆಳಿಗ್ಗೆ ಭೂತಗನ್ನಡಿ ಹಿಡಿದು ಕೂತೆ. ಎರಡರ ತಲೆಯ ನಕ್ಷತ್ರದ ಗುಳಿ ಉರುಟಾಗಿತ್ತು. ಒಂದರ ಮರೆ ಕಚ್ಚಿಹೋಗಿತ್ತು. ಉಳಿದ ಏಳು ಒಳಗೆ ಎಷ್ಟು ದಣಿದಿವೆಯೋ, ಕಣ್ಣಿಗೆ ಕಾಣುವಂತಿರಲಿಲ್ಲ.

ಆಗ ನೆನಪಾಯಿತು. ಎಲ್ಲವನ್ನೂ ಸೀಸೆಗೆ ಸೇರಿಸುತ್ತಿದ್ದ ತಂದೆಯವರು ಬ್ರೇಕಿನ ಕಡೆಯ ಸ್ಪ್ಲಿಟ್ ಪಿನ್ನನ್ನು ಮಾತ್ರ ಪ್ರತಿ ಸಲವೂ ಅಂಗಡಿಯಿಂದ ಹೊಸದಾಗಿ ತರುತ್ತಿದ್ದರು. "ಒಂದು ಸಲ ಬಗ್ಗಿದ್ದನ್ನು ಮತ್ತೆ ಬಗ್ಗಿಸಬಾರದು ಕಣೋ" ಎನ್ನುತ್ತಿದ್ದರು. ನಾನು ಅವರಿಂದ ಸೀಸೆಯನ್ನು ಕಲಿತಿದ್ದೆ, ಪಿನ್ನನ್ನು ಮರೆತಿದ್ದೆ.

ಹತ್ತೂ ಹೊಸ ಬೋಲ್ಟು ಬಂದವು. ಹಾರ್ಲಿಕ್ಸ್ ಸೀಸೆ ಈ ದೇಶದಲ್ಲೂ ನನ್ನ ಬಳಿ ಒಂದಿದೆ. ಹಳೆಯವು ಅದರೊಳಗೆ ಹೋದವು. ಅವುಗಳಲ್ಲಿ ನಾಲ್ಕು ಈಗ ಗರಾಜಿನ ಬಡುವನ್ನು ಹಿಡಿದು ನಿಂತಿವೆ.

ಮೇ ತಿಂಗಳಲ್ಲಿ ನನ್ನಾಕೆಯನ್ನು ಕೂಡಿಸಿಕೊಂಡು ನಲವತ್ತು ಮೈಲಿ ಹೋಗಿಬಂದೆ. ಬ್ರೇಕಿನ ವಿಷಯ ಅವಳು ಕೇಳಲೇ ಇಲ್ಲ. ದಾರಿಯುದ್ದಕ್ಕೂ ಅವಳ ತಕರಾರೆಲ್ಲ ನನ್ನ ವೇಗದ ಮೇಲೆ!